ಮೆಲ್ಬರ್ನಿನಿಂದ ಬಂದ ಹಣ್ಣು

ಏಪ್ರಿಲ್ 26, ಶನಿವಾರ

ಅವ್ವ ಆಸ್ಟ್ರೇಲಿಯಾಕ್ಕೆ ಬಂದು ತಿಂಗಳ ಮೇಲಾಯಿತು. ಸಿಡ್ನಿಯಲ್ಲಿರುವ ಹಿರಿಮಗಳ, ಅಂದರೆ ನನ್ನ, ಹೊಸ್ತಿಲನ್ನು ಇನ್ನೂ ತುಳಿದಿಲ್ಲ. ಧಾರವಾಡದಿಂದ ಹೊರಟವಳು ನೇರ ಮೆಲ್ಬರ್ನಿಗೆ ಇಳಿದು, ಕ್ಲೈಡ್ ನಾರ್ತ್‌ನಲ್ಲಿರುವ ನನ್ನ ತಂಗಿ ಸಂಧ್ಯಾರಾಣಿಯ ಮನೆ ಸೇರಿಕೊಂಡಿದ್ದಾಳೆ. ತಂಗಿಯದು ಹೊಸ ಮನೆಯಂತೆ, ಅಡುಗೆಮನೆ ಹೊಂದಿಸಿಕೊಡಬೇಕಂತೆ. ತಿಂಗಳುಗಟ್ಟಲೆ ಹೊಂದಿಸುವಷ್ಟು ಡಬ್ಬಿಗಳು ಆ ಮನೆಗೆ ಎಲ್ಲಿಂದ ಬಂದವೋ ನನಗೆ ತಿಳಿಯದು. ಇದನ್ನು ಬಾಯಿಬಿಟ್ಟು ಹೇಳುವ ಹಾಗಿಲ್ಲ. ಹೇಳಿದರೆ ನಮ್ಮ ಮನೆಯವರು, ವಿರುಪಾಕ್ಷ ಮಹಾಶಯರು, 'ವಯಸ್ಸು ನಲವತ್ತಾತು, ತಂಗಿ ಮ್ಯಾಲಿನ ಹೊಟ್ಟಿಕಿಚ್ಚು ಹೋಗಲಿಲ್ಲ ನೋಡು' ಅಂತ ನಗುತ್ತಾರೆ. ಅದಕ್ಕೇ ಇಲ್ಲಿ ಬರೆದು ಹಗುರಾಗುತ್ತಿದ್ದೇನೆ.

ಬೆಳಿಗ್ಗೆ ವಿಡಿಯೋ ಕಾಲ್ ಮಾಡಿದ್ದೆ. ಸಂಧ್ಯಾ ಈಗೀಗ ಬರೀ ಮುಖ ತೋರಿಸುತ್ತಾಳೆ. ಮೊದಲಾಗಿದ್ದರೆ ಫೋನು ಹಿಡಿದುಕೊಂಡು ಮನೆತುಂಬ ಓಡಾಡಿ ಹೊಸ ಪರದೆ, ಹೊಸ ಮಿಕ್ಸರ್ ಎಲ್ಲ ತೋರಿಸುವವಳು.

"ಏನ ಇದು, ಗಲ್ಲಾ ಉಬ್ಬ್ಯಾವಲ್ಲ?" ಅಂದೆ.

"ಅವ್ವನ ಕೈ ಊಟ ಅಕ್ಕಾ. ಬಿಡ್ತದೇನು ಅದು?" ಅಂದಳು. ಅವ್ವನನ್ನು ಯಾವಾಗ ಕಳಿಸುತ್ತೀ ಎಂದು ಕೇಳಿದ್ದಕ್ಕೆ, "ನಾಕನೇ ತಾರೀಖಿಗೆ ಇಲ್ಲಿ ಸಣ್ಣದೊಂದು ಪೂಜಾ ಐತಿ. ಐದಕ್ಕ ಫ್ಲೈಟ್ ಬುಕ್ ಮಾಡೀನಿ" ಅಂದಳು. ಪೂಜೆ ಇದ್ದರೆ ನನ್ನನ್ನೇಕೆ ಕರೆಯಲಿಲ್ಲ ಎಂದು ನಾಲಿಗೆಯ ತುದಿಗೆ ಬಂತು. ಸಣ್ಣದು ಅಂದಳಲ್ಲ ಅಂತ ನುಂಗಿಕೊಂಡೆ.

ಹೋಗಲಿ. ಮೇ ಹನ್ನೊಂದು ಇಲ್ಲಿ ಮದರ್ಸ್ ಡೇ. ಭಾನುವಾರ ಬೆಳಗಿನ ತಿಂಡಿಗೆ ಒಬ್ಬೊಬ್ಬರ ಮನೆಯಲ್ಲಿ ಸೇರುವ ನಮ್ಮ ಬ್ರಂಚ್ ಗುಂಪಿನ ಸರದಿಯೂ ಅವತ್ತು ನನ್ನದೇ. ಅವ್ವನನ್ನು ಕುರ್ಚಿಯಲ್ಲಿ ಕೂಡಿಸಿ, ಎಲ್ಲರೆದುರು ಚೆನ್ನಾಗಿ ಉಪಚಾರ ಮಾಡಿ, ಮಂದಿಯೆಲ್ಲ ಹೋದ ಮೇಲೆ ಆ ಮಾತನ್ನು ಹೇಳಿಬಿಡಬೇಕು. ಮಗುವಿಗಾಗಿ ಮಾಡಿಸುತ್ತಿದ್ದ ಟ್ರೀಟ್‌ಮೆಂಟನ್ನು ನಾವು ನವೆಂಬರಿನಲ್ಲೇ ನಿಲ್ಲಿಸಿದ್ದೇವೆ. ಇನ್ನು ಆ ಸೂಜಿ, ಆ ಕಾಯುವಿಕೆ ನನ್ನ ಮೈಗೂ ಬೇಡ, ಮನಸ್ಸಿಗೂ ಬೇಡ. ಇದು ಅವ್ವನಿಗೆ ಗೊತ್ತಿಲ್ಲ. ಈಗಲೂ ನನ್ನ ಹೆಸರಿನಲ್ಲಿ ಸೋಮವಾರ ಉಪವಾಸ ಮಾಡುತ್ತಾಳೆ. ಆ ಉಪವಾಸ ಬಿಡಿಸದೆ ನನಗೂ ಊಟ ಸೇರುವುದಿಲ್ಲ.

ಏಪ್ರಿಲ್ 30, ಬುಧವಾರ

ಫ್ರೆಂಚ್ ಟೋಸ್ಟ್ ಕ್ಯಾಸರೋಲ್ ಮಾಡುವುದು ಎಂದು ನಿರ್ಧರಿಸಿದೆ. ಉಪ್ಪಿಟ್ಟು, ದೋಸೆ, ಬಿಸಿಬೇಳೆಬಾತು ಎಲ್ಲ ಬೇರೆಯವರ ಸರದಿಯಲ್ಲಿ ಆಗಿಹೋಗಿವೆ. ಅದರಲ್ಲೂ ಬಿಸಿಬೇಳೆಬಾತು ನಮ್ಮ ಗುಂಪಿನ ಅನುಸೂಯ ಆಂಟಿಯ ಸ್ವತ್ತು. ಬೇರೆ ಯಾರಾದರೂ ಮಾಡಿದರೆ ಅವರ ಮುಖ ಸಪ್ಪಗಾಗುತ್ತದೆ.

ಇದು ಕಷ್ಟದ್ದೇನಲ್ಲ. ಒಣಗಿದ ಬ್ರೆಡ್ಡನ್ನು ದಪ್ಪ ತುಂಡು ಮಾಡಿ, ಹಾಲು, ಮೊಟ್ಟೆ, ಸಕ್ಕರೆ ಕಲಸಿದ್ದರಲ್ಲಿ ರಾತ್ರಿಯೆಲ್ಲ ನೆನೆಯಿಟ್ಟು, ಬೆಳಿಗ್ಗೆ ಮೇಲೆ ಹಣ್ಣು ಹರಡಿ ಓವನ್ನಿಗೆ ತಳ್ಳುವುದು. ಮೊಟ್ಟೆಯದೇ ತಕರಾರು. ಅವ್ವ ಲಿಂಗಪೂಜೆ ಮಾಡದೆ ನೀರು ಮುಟ್ಟದವಳು, ಆಕೆಗೆ ಮೊಟ್ಟೆ ತಿನ್ನಿಸಲಾದೀತೆ? ಮೊಟ್ಟೆಯ ಬದಲು ಕಸ್ಟರ್ಡ್ ಪೌಡರ್, ಗಟ್ಟಿ ಹಾಲು ಹಾಕಿ ಇವತ್ತು ಒಂದು ಸಲ ಮಾಡಿ ನೋಡಿದೆ. ಮೇಲೆ ಸೀದಿತ್ತು, ಕೆಳಗೆ ಗಂಜಿ.

"ಚಮಚಾ ಕೊಡ್ಲ್ಯಾ, ಲೋಟಾ ಕೊಡ್ಲ್ಯಾ?" ಅಂತ ಇವರು ಕೇಳಿದರು. ಮಾತಾಡಿದವರಿಗೇ ಎರಡು ದೊಡ್ಡ ತುಂಡು ಬಡಿಸಿದೆ. ಸುಮ್ಮನೆ ತಿಂದರು.

ಬ್ರೆಡ್ಡು ಇನ್ನೂ ಒಣಗಬೇಕು, ಹಾಲು ಕಡಿಮೆಯಾಗಬೇಕು.

ಮೇ 5, ಸೋಮವಾರ

ಬಂದಳು. ಏರ್‌ಪೋರ್ಟಿನಲ್ಲಿ ನನ್ನನ್ನು ಅಪ್ಪಿಕೊಂಡು ಅತ್ತಳು. ಇಷ್ಟು ಅಳುವಂಥದ್ದೇನು ಅಂತ ನನಗೇ ಮುಜುಗರವಾಯಿತು. ದಾರಿಯುದ್ದಕ್ಕೂ ನನ್ನ ಕೈ ಬಿಡಲಿಲ್ಲ. ಮೆಲ್ಬರ್ನಿನ ಚಳಿ, ಅಳಿಯ ತೇಜಸ್‌ನ ಒಳ್ಳೆಯತನ, ಎದುರು ಮನೆಯ ಪಂಜಾಬಿ ಹೆಂಗಸಿನ ಪರಾಠ, ಎಲ್ಲ ಹೇಳಿದಳು. ಸಂಧ್ಯಾಳ ಬಗ್ಗೆ ಕೇಳಿದರೆ ಮಾತ್ರ "ಆರಾಮ ಅದಾಳ" ಅಂತ ಅಲ್ಲಿಗೇ ನಿಲ್ಲಿಸುತ್ತಿದ್ದಳು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ.

ಮನೆಗೆ ಬಂದು ಬ್ಯಾಗು ಬಿಚ್ಚಿದರೆ ಮೇಲೆಯೇ ಹಣ್ಣಿನ ಗಂಟು. ಪೇರ್, ಸೇಬು, ದಾಳಿಂಬೆ, ಟೊಮೆಟೊದಂಥ ಪರ್ಸಿಮನ್, ಮತ್ತೆ ಹಳದಿ ಬಣ್ಣದ ಕ್ವಿನ್ಸ್ ಅನ್ನುವ ಕಲ್ಲಿನಂಥ ಹಣ್ಣು. ಸಿಡ್ನಿಯಲ್ಲಿ ಹಣ್ಣು ಸಿಗುವುದಿಲ್ಲ ಅಂದುಕೊಂಡಳೋ ಏನೋ. ಪೇರ್ ಹಣ್ಣಿನ ತೊಟ್ಟಿಗೆ ಅರಿಶಿನ ಮೆತ್ತಿತ್ತು, ಬಟ್ಟೆಯ ಮಡಿಕೆಯಲ್ಲಿ ನಾಲ್ಕು ಅಕ್ಕಿಕಾಳು ಇದ್ದವು.

"ಪೂಜಾದ ಹಣ್ಣು," ಅಂದಳು. "ನೀನ ತಿನ್ನು. ಮತ್ಯಾರಿಗೂ ಕೊಡಬ್ಯಾಡ."

"ನಿನ್ನ ಅಳಿಯಾಗೂ ಬ್ಯಾಡೇನು?"

"ಬ್ಯಾಡ. ನೀನ ತಿನ್ನು."

ನಾನು ಸಣ್ಣವಳಿದ್ದಾಗ ಹಬ್ಬದ ಉಂಡಿಯನ್ನು ನನಗೆಂದು ಬಚ್ಚಿಡುತ್ತಿದ್ದಳು. ನನಗೆ ಒಳಗೊಳಗೇ ಹಿತವಾಯಿತು. ತಿಂಗಳು ಅಲ್ಲಿದ್ದರೇನು, ತಂದದ್ದು ನನಗೆ.

ಮೇ 8, ಗುರುವಾರ

ನಾರ್ವೆಸ್ಟ್‌ನ ನಮ್ಮ ಆಫೀಸಿನಲ್ಲಿ ಮದರ್ಸ್ ಡೇ ಅಂತ ಹೆಂಗಸರಿಗೆಲ್ಲ ಚಾಕಲೇಟು ಹಂಚಿದರು. ರಿಸೆಪ್ಷನ್ನಿನ ಹುಡುಗಿ ನನ್ನ ಹತ್ತಿರ ಬಂದು, ಕೈ ಚಾಚಿ, ನೆನಪಾಗಿ ಹಿಂದೆ ತೆಗೆದುಕೊಂಡು, ಮತ್ತೆ ಚಾಚಿದಳು. "ಕೊಡಮ್ಮ, ನಮ್ಮ ಅವ್ವ ಬಂದಾಳ" ಅಂತ ಇಂಗ್ಲಿಷಿನಲ್ಲಿ ಹೇಳಿ ಎರಡು ಎತ್ತಿಕೊಂಡೆ. ಹೋದ ವರ್ಷ ಇಂಥದಕ್ಕೆ ಟಾಯ್ಲೆಟ್ಟಿಗೆ ಹೋಗಿ ಅತ್ತಿದ್ದೆ.

ಅವ್ವ ದಿನಾ ಕೇಳುತ್ತಾಳೆ, "ಹಣ್ಣು ತಿಂದ್ಯಾ?" ಪೇರ್ ಇನ್ನೂ ಗಟ್ಟಿ. ಕ್ವಿನ್ಸ್ ಅಂತೂ ಹಸಿಯಾಗಿ ತಿಂದರೆ ಹಲ್ಲು ಕೈಗೆ ಬರುತ್ತದೆ, ಅದನ್ನು ಸಕ್ಕರೆ ನೀರಿನಲ್ಲಿ ಗಂಟೆಗಟ್ಟಲೆ ಕುದಿಸಬೇಕು. "ತಿಂತೀನಿ ಬಿಡವ್ವಾ" ಅಂತ ಜಾರಿಕೊಳ್ಳುತ್ತೇನೆ. ಆಫೀಸಿನಿಂದ ಬಂದವಳಿಗೆ ದಾಳಿಂಬೆ ಬಿಡಿಸುವ ಪುರುಸೊತ್ತೆಲ್ಲಿ?

ಮೇ 10, ಶನಿವಾರ

ಬುದ್ಧಿ ಬಂತು. ಹಣ್ಣು ಕೊಳ್ಳಲು ಹೊರಟಿದ್ದೆ, ಮನೆಯಲ್ಲೇ ಐದು ಬಗೆ ಇಟ್ಟುಕೊಂಡು. ಎಲ್ಲವೂ ಈ ಕಾಲದ ಹಣ್ಣುಗಳೇ. ಅವ್ವ ತಂದ ಹಣ್ಣಿನಿಂದಲೇ ಅವ್ವನ ಬ್ರಂಚ್. ಇದಕ್ಕಿಂತ ಚೆಂದದ್ದು ಇನ್ನೇನಿದೆ? ಹೇಳಿದರೆ ಬೇಡ ಅನ್ನುತ್ತಾಳೆ, ನಾಳೆ ತಟ್ಟೆಯಲ್ಲಿ ನೋಡಿ ಖುಷಿಪಡಲಿ ಅಂತ ಇವರ ಜೊತೆ ಅವಳನ್ನು ಗುಡಿಗೆ ಅಟ್ಟಿದೆ.

ಕ್ವಿನ್ಸನ್ನು ಏಲಕ್ಕಿ ಹಾಕಿ ಸಣ್ಣ ಉರಿಯಲ್ಲಿ ಬೇಯಿಸಿದೆ. ಹಳದಿ ಹೋಗಿ ಗುಲಾಬಿ ಬಣ್ಣ ಬಂತು. ಪೇರ್, ಸೇಬು ತೆಳ್ಳಗೆ ಹೆಚ್ಚಿ ಬೆಣ್ಣೆಯಲ್ಲಿ ಸ್ವಲ್ಪ ಬಾಡಿಸಿದೆ. ಒಣಗಿಸಿದ ಬ್ರೆಡ್ಡು, ಗಟ್ಟಿ ಕಸ್ಟರ್ಡು, ಅದರ ಮೇಲೆ ಹಣ್ಣು, ಮತ್ತೆ ಬ್ರೆಡ್ಡು. ಪರ್ಸಿಮನ್ನನ್ನು ಚಕ್ರಾಕಾರವಾಗಿ ಮೇಲೆ ಜೋಡಿಸಿ, ಬೆಲ್ಲದ ಪುಡಿ ಉದುರಿಸಿ, ಫ್ರಿಜ್ಜಿನಲ್ಲಿಟ್ಟಿದ್ದೇನೆ. ದಾಳಿಂಬೆ ಕಾಳು ಬಡಿಸುವಾಗ. ಒಂದೂ ಹಣ್ಣು ಉಳಿಸಲಿಲ್ಲ.

ನಾಳೆ ಅವ್ವನಿಗೆ ಹೇಗೆ ಹೇಳಬೇಕೆಂದು ಮನಸ್ಸಿನಲ್ಲೇ ಹತ್ತು ಸಲ ಹೇಳಿಕೊಂಡೆ. 'ಅವ್ವಾ, ಇನ್ನ ನನ್ನ ಸಲುವಾಗಿ ಉಪವಾಸ ಮಾಡಬ್ಯಾಡ. ನಾನು ಆರಾಮ ಅದೀನಿ.' ಖರೆ ಹೇಳಬೇಕೆಂದರೆ ಆರಾಮವಾಗಿಯೇ ಇದ್ದೇನೆ.

ಮೇ 11, ಭಾನುವಾರ

ಎಲ್ಲ ಬರೆದುಬಿಡುತ್ತೇನೆ.

ಹನ್ನೊಂದಕ್ಕೆ ಬಂದರು. ಪ್ಯಾರಮಟ್ಟಾದಿಂದ ಅನುಸೂಯ ಆಂಟಿ, ಮೈಸೂರಿನವರು, ರಿಟೈರ್ ಆದ ಡಾಕ್ಟರು. ನನ್ನ ಆಫೀಸಿನ ಶರ್ವಾಣಿ, ಅವಳ ಗಂಡ ಸಮೀರ್, ಹೊಸದಾಗಿ ಮದುವೆಯಾದವರು. ಆಂಟಿ ಅವ್ವನಿಗೆ ಬಿಳಿ ಸೇವಂತಿಗೆ ತಂದಿದ್ದರು. ಅವ್ವ ಪೂಜೆಗೆ ಕೂತಿದ್ದಳು. ಓವನ್ನಿನಿಂದ ಪಾತ್ರೆ ತೆಗೆದೆ. ಅಂಚು ಗರಿಗರಿ, ನಡುವೆ ಮೆತ್ತಗೆ, ಮನೆತುಂಬ ಏಲಕ್ಕಿ. ಎಲ್ಲರಿಗೂ ದೊಡ್ಡ ದೊಡ್ಡ ಚೌಕ ಬಡಿಸಿದೆ.

"ಎಗ್‌ಲೆಸ್ ಅಂದ್ರೆ ಯಾರೂ ನಂಬಲ್ಲ ಕಣೇ," ಅಂದರು ಆಂಟಿ. ಎರಡನೆಯ ಸಲ ಹಾಕಿಸಿಕೊಂಡರು. ಅವರ ಬಾಯಿಂದ ಇದು ಬಂತೆಂದರೆ ಸಣ್ಣ ಮಾತಲ್ಲ.

ಅವ್ವ ವಿಭೂತಿ ಹಚ್ಚಿಕೊಂಡು ಬಂದು ಕೂತಳು. ಒಂದು ಚಮಚ ತಿಂದಳು. "ಚಲೋ ಆಗೇತಿ. ಯಾವ ಹಣ್ಣವಾ ಇದು?"

"ನೀ ತಂದದ್ದ."

ಚಮಚ ಕೆಳಗಿಟ್ಟಳು. "ಎಲ್ಲಾ ಹಾಕಿದ್ಯಾ?"

"ಎಲ್ಲಾ."

ಎದ್ದಳು. ಎದ್ದವಳು ನೇರ ಶರ್ವಾಣಿಯ ಹತ್ತಿರ ಹೋಗಿ ಅವಳ ಕೈಯೊಳಗಿನ ತಟ್ಟೆಯನ್ನು ಕಸಿದುಕೊಂಡಳು. ಆಮೇಲೆ ಆಂಟಿಯ ತಟ್ಟೆಗೆ ಕೈ ಹಾಕಿದಳು. "ತಿನಬ್ಯಾಡ್ರಿ. ಅದು ನನ್ನ ಮಗಳಿಗೆ ತಂದದ್ದರಿ," ಅನ್ನುತ್ತ ಎಂಜಲು ತುಂಡುಗಳನ್ನು ಒಂದೇ ತಟ್ಟೆಗೆ ಕೂಡಿಹಾಕತೊಡಗಿದಳು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಅವ್ವಾ, ಏನ್ ಮಾಡಾಕತ್ತಿ? ಹಣ್ಣ ಹೋದ್ರ ಹೋಗ್ಲಿ. ನಾಳೆ ಮತ್ತ ತರೂಣು."

"ನಾಳೆ ಎಲ್ಲಿಂದ ತರ್ತಿ? ಅದು ಬಸರಿ ಉಡ್ಯಾಗಿನ ಹಣ್ಣು. ಸಂಧ್ಯಾನ ಉಡೀದು. ನೀ ಒಬ್ಬಾಕಿನ ತಿನಬೇಕಾಗಿತ್ತು."

ಬಸುರಿಯ ಉಡಿಗೆ, ಮಡಿಲಿಗೆ, ತುಂಬಿದ ಹಣ್ಣು ತಿಂದರೆ ಮಕ್ಕಳಿಲ್ಲದವಳಿಗೆ ಮಕ್ಕಳಾಗುತ್ತವೆ ಅನ್ನುವುದು ನಮ್ಮ ಕಡೆಯ ನಂಬಿಕೆ. ಅಕ್ಕಿಕಾಳು, ಅರಿಶಿನ, ಐದು ಬಗೆ ಹಣ್ಣು. ಕಣ್ಣೆದುರಿಗೇ ಇತ್ತು. ನಾನೇ ಕುರುಡಿ.

"ಸಂಧ್ಯಾಗ ಎಷ್ಟು ತಿಂಗಳು?" ಅಂತ ಕೇಳಿದೆ.

ಅವ್ವ ತಟ್ಟೆ ನೋಡುತ್ತ, "ಏಳು," ಅಂದಳು.

ಆಂಟಿ ಪಾಪ, ಪರಿಸ್ಥಿತಿ ಸರಿಮಾಡಲು ಹೋಗಿ, "ನನಗೆ ಎಪ್ಪತ್ತೆರಡು ಗಿರಿಜಮ್ಮ. ಎರಡು ಸಲ ಹಾಕಿಸ್ಕೊಂಡಿದೀನಿ, ನನ್ನ ಗತಿ ಏನು ಈಗ?" ಅಂದರು. ಶರ್ವಾಣಿ, "ಪಿಆರ್ ವೀಸಾ ಬರೋವರೆಗೂ ಮಗು ಬೇಡ ಅಂದ್ಕೊಂಡಿದ್ವಿ ಆಂಟಿ," ಅಂತ ಸಣ್ಣ ದನಿಯಲ್ಲಿ ಹೇಳಿದಳು. ಸಮೀರ್ ನಕ್ಕುಬಿಟ್ಟ. ನಾನೂ ನಕ್ಕೆ. ನಗುತ್ತ ನಗುತ್ತಲೇ ಬೆಡ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಅವರೆಲ್ಲ ಯಾವಾಗ ಹೋದರೋ ಗೊತ್ತಿಲ್ಲ.

ನನ್ನ ಬೆನ್ನಿಗೆ ಬಿದ್ದ ತಂಗಿ. ನಾನು ಎತ್ತಿ ಆಡಿಸಿದವಳು. ಏಳು ತಿಂಗಳು. ಸೀಮಂತದ ಕುಬಸವಾಗಿದೆ, ಹಸಿರು ಸೀರೆ ಉಡಿಸಿದ್ದಾರೆ, ಬಳೆ ಇಡಿಸಿದ್ದಾರೆ, ಉಡಿ ತುಂಬಿದ್ದಾರೆ. ನನಗೆ ಹೇಳಿದ್ದು 'ಸಣ್ಣ ಪೂಜಾ'.

ಅವ್ವನಿಗೆ ಹೇಳಬೇಕೆಂದಿದ್ದ ಮಾತು ಹಾಗೇ ಉಳಿಯಿತು.

ಮೇ 12, ಸೋಮವಾರ

ಅವ್ವನ ಉಪವಾಸ. ನಾನೂ ಏನೂ ತಿಂದಿಲ್ಲ.

ಮೇ 13, ಮಂಗಳವಾರ

ಇವರಿಗೂ ಗೊತ್ತಿತ್ತು.

ಸಂಜೆ ಚಹಾ ಮಾಡಿಕೊಂಡು ಬಂದು ಪಕ್ಕದಲ್ಲಿ ಕೂತು, "ಸಂಧ್ಯಾನ ಮ್ಯಾಲೆ ಸಿಟ್ಟು ಮಾಡಬ್ಯಾಡ. ಆಕಿ ಭಾಳ ಸಲ ಹೇಳಬೇಕಂತ ಮಾಡಿದ್ಲು," ಅಂದರು. ಆಕೆ ಹಾಗೆ ಅಂದುಕೊಂಡದ್ದು ನಿಮಗೆ ಹೇಗೆ ಗೊತ್ತು ಎಂದು ಕೇಳಿದೆ. ಕಪ್ಪು ತಿರುಗಿಸುತ್ತ ಕೂತರು. ತೇಜಸ್ ಇವರಿಗೆ ಜನವರಿಯಲ್ಲೇ ಫೋನ್ ಮಾಡಿ ಹೇಳಿದ್ದನಂತೆ. ಸದ್ಯಕ್ಕೆ ಶ್ವೇತಾಗೆ ಹೇಳಬೇಡಿ ಅಂತ ಇವರೇ ಅಂದರಂತೆ.

"ಆಗಷ್ಟ ನೀ ಸ್ವಲ್ಪ ನಿದ್ದಿ ಮಾಡಾಕ ಹತ್ತಿದ್ದಿ. ಮತ್ತ ಕೆದರೂದು ಯಾಕ ಅಂತ..."

"ನಾ ಏನ್ ಗಾಜಿನ ಗೊಂಬಿ ಏನ್ರೀ?"

"ಹಂಗಲ್ಲ ಶ್ವೇತಾ. ನಿನ್ನ ಒಳ್ಳೇದಕ್ಕ."

ನನ್ನ ಒಳ್ಳೆಯದಕ್ಕೆ. ಎಲ್ಲರೂ ಸೇರಿ ನನ್ನ ಒಳ್ಳೆಯದನ್ನು ನೋಡಿಕೊಂಡರು. ಅವ್ವ ಆಯಿತು, ತಂಗಿ ಆಯಿತು, ಪಕ್ಕದಲ್ಲೇ ಮಲಗುವ ಗಂಡನೂ ಆಯಿತು. ನಂಬಿದವರೇ ಕುತ್ತಿಗೆ ಕೊಯ್ದರೆ ಯಾರಿಗೆ ಹೇಳಿಕೊಳ್ಳಲಿ? ನಾನು ಫೋನಿನಲ್ಲಿ ಹರಟುವಾಗ, 'ಸಂಧ್ಯಾ ಕ್ರಿಸ್ಮಸ್ಸಿಗೂ ಬರಲಿಲ್ಲ, ಬದಲಾಗಿಬಿಟ್ಟಿದ್ದಾಳೆ' ಅಂತ ಗೊಣಗುವಾಗ, ಇವರು ಪೇಪರ್ ಓದುತ್ತ ಹೂಂಗುಟ್ಟುತ್ತಿದ್ದರಲ್ಲ. ಎಲ್ಲ ತಿಳಿದೂ ಹೂಂಗುಟ್ಟುತ್ತಿದ್ದರು. ಅದನ್ನು ನೆನೆದರೆ ಮೈ ಉರಿಯುತ್ತದೆ.

ಚಹಾ ಸಿಂಕಿಗೆ ಸುರಿದೆ. ಇವರಿಗೂ ಅವ್ವನಿಗೂ ಕೇಳಿಸುವ ಹಾಗೆ ಹೇಳಿದೆ. ಇನ್ನು ಮೇಲೆ ಈ ಮನೆಯಲ್ಲಿ ಯಾರೂ ಯಾರ ಒಳ್ಳೆಯದಕ್ಕೂ ಸುಳ್ಳು ಹೇಳಕೂಡದು, ಮುಚ್ಚಿಡಕೂಡದು.

ಮೇ 15, ಗುರುವಾರ

ಬಸುರಿನ ಸುದ್ದಿ ನನಗೆ ತಿಳಿಯಿತೆಂದು ಅವ್ವ ಹೇಳಿರಬೇಕು, ಸಂಧ್ಯಾ ನಾಲ್ಕು ದಿನದಿಂದ ಫೋನ್ ಮಾಡುತ್ತಲೇ ಇದ್ದಳು. ಇವತ್ತು ಮಧ್ಯಾಹ್ನ ಕಾರಿನಲ್ಲಿ ಕೂತು ಎತ್ತಿದೆ.

"ಅಕ್ಕಾ," ಅಂದು ಅಳಲು ಶುರುಮಾಡಿದಳು. ಅಳಲಿ ಅಂತ ಬಿಟ್ಟೆ.

"ಉಡಿ ತುಂಬಾಕ ಐದು ಮಂದಿ ಮುತ್ತೈದೇರು ಬೇಕಲ್ಲ. ಯಾರ್ಯಾರನ್ನ ಕರದಿದ್ದಿ?" ಎಂದು ಕೇಳಿದೆ.

ಹೇಳಿದಳು. ಕನ್ನಡ ಕೂಟದ ಮೂವರು, ತೇಜಸ್‌ನ ಆಫೀಸಿನವಳು ಒಬ್ಬಳು, ಐದನೆಯವಳು ಎದುರು ಮನೆಯ ಪಂಜಾಬಿ ಆಂಟಿ. ಕುಬಸ ಅಂದರೇನೆಂದು ಆಕೆಗೆ ಹಿಂದಿಯಲ್ಲಿ ವಿವರಿಸಿ ಹೇಳಿ ಕೂಡಿಸಿದರಂತೆ. ಅದು ನನ್ನ ಜಾಗ. ಒಡಹುಟ್ಟಿದ ಅಕ್ಕ ಒಂದೂವರೆ ತಾಸಿನ ವಿಮಾನದ ದೂರದಲ್ಲಿರುವಾಗ, ದಾರಿಯಲ್ಲಿ ಹೋಗುವವರನ್ನು ಕರೆದು ಕೂಡಿಸಿದ್ದಾರೆ.

"ಬೆಳಗಾವಿಯಿಂದ ನಮ್ಮತ್ತಿ ಫೋನ್ ಮಾಡಿದ್ರು ಅಕ್ಕಾ. ಮಕ್ಕಳಿಲ್ಲದಾಕಿ ಉಡಿ ತುಂಬಬಾರದು, ಬಂದು ನೋಡಿದ್ರ ಆಕಿಗೂ ಸಂಕಟ, ಬ್ಯಾಡ ಅಂದ್ರು. ಅವ್ವಾನೂ ಹೌದು ಅಂದ್ಲು. ನಾ ಜಗಳಾ ಮಾಡಬೇಕಾಗಿತ್ತು. ಮಾಡ್ಲಿಲ್ಲ."

"ಯಾಕ ಮಾಡ್ಲಿಲ್ಲ?"

"ಅಂಜಿಕಿ ಅಕ್ಕಾ. ಏನರೆ ಆದ್ರ ಅಂತ. ನಾ ನಂಬಂಗಿಲ್ಲ ಇದನ್ನೆಲ್ಲ, ಆದ್ರೂ ಅಂಜಿಕಿ ಬಂತು."

ಏನರೆ ಆದರೆ. ಅಂದರೆ ನನ್ನ ಕಣ್ಣು, ನನ್ನ ಕೈ ತಾಗಿ ಅವಳ ಮಗುವಿಗೆ ಏನಾದರೂ ಆದರೆ. ಇಂಜಿನಿಯರಿಂಗ್ ಓದಿದವಳು. ಇವಳ ಫೀಸು ಕಟ್ಟುವ ಸಾಲಿನಲ್ಲಿ ಬಿಸಿಲಲ್ಲಿ ನಿಂತವಳು ನಾನು. "ನಿನ್ನ ಅಂಜಿಕಿ ನೀನ ಇಟ್ಕೋ" ಅಂದು ಫೋನ್ ಇಟ್ಟೆ. ಆಮೇಲೆ ಸ್ಟಿಯರಿಂಗಿನ ಮೇಲೆ ತಲೆಯಿಟ್ಟು ಅತ್ತೆ. ಮೂರು ಗಂಟೆಯ ಮೀಟಿಂಗಿಗೆ ತಡವಾಗಿ ಹೋದೆ.

ಮೇ 18, ಭಾನುವಾರ

ಅವ್ವನ ಜೊತೆ ಮಾತಾಡಿದೆ. ಮಾತಾಡಿದೆ ಅನ್ನುವುದಕ್ಕಿಂತ ಕಚ್ಚಾಡಿದೆ. ಅವಳು ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು.

"ಟ್ರೀಟ್‌ಮೆಂಟ್ ನಿಲ್ಲಿಸಿ ಆರು ತಿಂಗಳಾತು. ಇನ್ನ ನನಗ ಮಕ್ಕಳಾಗೂದಿಲ್ಲ. ನಿನ್ನ ಉಪವಾಸ, ನಿನ್ನ ಹಣ್ಣು ಎಲ್ಲಾ ಬಿಡು," ಅಂದೆ. ಎಷ್ಟು ಸಲ ಮೆತ್ತಗೆ ಹೇಳಿ ಅಭ್ಯಾಸ ಮಾಡಿಕೊಂಡಿದ್ದೆ. ಬಂದದ್ದು ಹೀಗೆ.

ಅವ್ವ ಹಿಡಿದಿದ್ದ ಟವೆಲನ್ನು ಝಾಡಿಸುವುದು ಬಿಟ್ಟು ಮಡಚತೊಡಗಿದಳು, ಒದ್ದೆಯದನ್ನೇ. "ಮೊದಲ ಹೇಳಿದ್ರ ತರತಿರಲಿಲ್ಲವಾ ನಾನು," ಅಂದಳು. "ಸುಮ್ಮನ ಆಕಿ ಉಡಿ ಬರಿದು ಮಾಡಿ ಬಂದಂಗಾತು."

ನನಗೆ ಅರ್ಥವಾಗಲಿಲ್ಲ. ಕೆದಕಿದ ಮೇಲೆ ಬಾಯಿಬಿಟ್ಟಳು. ಸಂಧ್ಯಾ ಆ ಹಣ್ಣನ್ನು ಕೊಟ್ಟದ್ದಲ್ಲ. ಅವಳಿಗೆ ಗೊತ್ತೇ ಇಲ್ಲ. ಕುಬಸದ ರಾತ್ರಿ ಅವಳು ಮಲಗಿದ ಮೇಲೆ ಅವ್ವ ದೇವರ ಮುಂದಿನ ಉಡಿಯಿಂದ ಐದೂ ಬಗೆಯ ಹಣ್ಣನ್ನು ತೆಗೆದು ಬಟ್ಟೆಯಲ್ಲಿ ಕಟ್ಟಿಕೊಂಡು ಬಂದಿದ್ದಾಳೆ. ಉಡಿಯ ಹಣ್ಣನ್ನು ಬಸುರಿ ತಾನೇ ತಿನ್ನಬೇಕು, ಬೇರೆ ಕಡೆ ಹೋದರೆ ಅವಳ ಭಾಗ್ಯ ಹೋದ ಹಾಗೆ. ಇದನ್ನು ನಮಗೆ ಕಲಿಸಿದವಳೇ ಅವ್ವ. ತಿಳಿದೂ ಕದ್ದಿದ್ದಾಳೆ.

"ಆಕಿಗೆ ಹ್ಯಾಂಗೂ ಒಂದು ಆಗಾಕತ್ತೈತಿ. ನಿನಗೂ ಒಂದು ಆಗ್ಲಿ ಅಂತ ಮಾಡಿದೆ. ಇಬ್ರೂ ನನ್ನ ಹೊಟ್ಯಾಗಿನವ್ರ. ಏನ್ ಮಾಡ್ಲಿ ಹೇಳು."

ಇದೆಂಥ ನ್ಯಾಯ? ನನ್ನನ್ನು ಕುಬಸದಿಂದ ಹೊರಗಿಟ್ಟವಳು, ನನಗೋಸ್ಕರ ಅದೇ ಕುಬಸದಿಂದ ಕಳವು ಮಾಡಿಕೊಂಡು ಬಂದಿದ್ದಾಳೆ. ಇಬ್ಬರು ಮಕ್ಕಳಿಗೂ ಒಂದೇ ದಿನ ಮೋಸ ಮಾಡಿದ ತಾಯಿ ಇನ್ನೊಬ್ಬಳಿರಲಾರಳು.

"ಸಂಧ್ಯಾಗ ಹೇಳಬ್ಯಾಡವಾ. ಬಸರಿ ಹೆಂಗಸು, ಮನಸ್ಸಿಗೆ ಹಚ್ಕೋತಾಳ. ಆಕಿ ಒಳ್ಳೇದಕ್ಕ ಹೇಳಾಕತ್ತೀನಿ."

ಮತ್ತೆ ಅದೇ ಮಾತು. "ನೀನ ಹೇಳಬೇಕು. ನೀ ಹೇಳದಿದ್ರ ನಾ ಹೇಳ್ತೀನಿ. ಮುಂದಿನ ವಾರ ನಿನ್ನ ಕರಕೊಂಡು ಮೆಲ್ಬರ್ನಿಗೆ ಹೊಂಟೀನಿ," ಅಂದೆ. ಆಗಲೇ ಟಿಕೆಟ್ ಬುಕ್ ಮಾಡಿದೆ. ಮುಚ್ಚಿಡುವುದು ಅಂದರೇನೆಂದು ಈ ಮನೆತನಕ್ಕೆ ಒಂದು ಸಲ ತಿಳಿಯಬೇಕು. ಸಂಧ್ಯಾಳಿಗೂ ತಿಳಿಯಲಿ, ತನ್ನವರೇ ಬೆನ್ನ ಹಿಂದೆ ಮಾಡಿದರೆ ಹೇಗಿರುತ್ತದೆ ಅಂತ.

ಮೇ 21, ಬುಧವಾರ

ಶರ್ವಾಣಿ ಲಂಚಿನಲ್ಲಿ ಕ್ಯಾಸರೋಲಿನ ರೆಸಿಪಿ ಕೇಳಿದಳು. ಕೇಳಿ ತಾನೇ ನಾಚಿಕೊಂಡಳು. ಹೇಳಿಕೊಟ್ಟೆ. ಹಣ್ಣು ಮಾತ್ರ ಅಂಗಡಿಯಿಂದಲೇ ತಾ ಅಂದೆ. ಇಬ್ಬರೂ ನಕ್ಕೆವು. ಎಷ್ಟೋ ದಿನವಾಗಿತ್ತು.

ಇವರು ಸೋಫಾದ ಮೇಲೆ ಮಲಗಿ ಎಂಟು ದಿನವಾಯಿತು, ಬೆನ್ನು ಹಿಡಿದುಕೊಂಡಿದೆ. ಇವತ್ತು ಒಳಗೆ ಬನ್ನಿ ಅಂದೆ. ಕ್ಷಮಿಸಿದ್ದೇನೆ ಅಂತಲ್ಲ.

ಮೇ 24, ಶನಿವಾರ, ಮೆಲ್ಬರ್ನ್

ಬಾಗಿಲು ತೆರೆದ ಸಂಧ್ಯಾಳನ್ನು ನೋಡಿ ನಾನು ಸಿದ್ಧಮಾಡಿಕೊಂಡು ಬಂದದ್ದೆಲ್ಲ ಮರೆತುಹೋಯಿತು. ಹೊಟ್ಟೆಯೇ ಮೊದಲು ಕಂಡಿತು. ಕಾಲು ಊದಿಕೊಂಡಿವೆ, ತೇಜಸ್‌ನ ಚಪ್ಪಲಿ ಹಾಕಿಕೊಂಡಿದ್ದಳು. ಬಿಪಿ ಏರಿದೆಯಂತೆ, ಡಾಕ್ಟರು ಹೆಚ್ಚು ಓಡಾಡಬೇಡ ಅಂದಿದ್ದಾರಂತೆ. ಇದನ್ನೂ ಯಾರೂ ನನಗೆ ಹೇಳಿರಲಿಲ್ಲ.

"ಒಳಗ ಬಾ ಅಂತ ಕರೀತಿಯೋ, ಇದಕ್ಕೂ ನಿಮ್ಮತ್ತಿ ಪರ್ಮಿಷನ್ ಬೇಕೋ?" ಅಂದೆ. ಅವಳು ನನ್ನ ಕೊರಳು ತಬ್ಬಿ ಅತ್ತಳು. ನಮ್ಮಿಬ್ಬರ ನಡುವೆ ಆ ಹೊಟ್ಟೆ. ಒಳಗಿನದು ಒದ್ದದ್ದು ನನಗೂ ತಾಗಿತು. ನಾನು ಸರಿದು ನಿಂತೆ.

ಹೇಳುವುದನ್ನು ನಾಳೆ ಹೇಳುತ್ತೇನೆ. ಅವ್ವ ಬಂದಾಗಿನಿಂದ ನನ್ನ ಮುಖವನ್ನೇ ನೋಡುತ್ತಿದ್ದಾಳೆ.

ಮೇ 25, ಭಾನುವಾರ

ಬೆಳಿಗ್ಗೆ ಸಂಧ್ಯಾ ಹಾಸಿಗೆಯಿಂದಲೇ, "ಅಕ್ಕಾ, ನೀ ಬ್ರಂಚಿಗೆ ಮಾಡಿದ್ದಿ ಅಂತಲ್ಲ, ಆ ಬ್ರೆಡ್ಡಿಂದು ತಿನಬೇಕನಸೇತಿ," ಅಂದಳು. ಮಾಡಿದೆ. ಅವಳ ಮನೆಯಲ್ಲಿದ್ದ ಒಣ ಬ್ರೆಡ್ಡು, ಎರಡು ಪೇರ್. ನೆನೆಯಲು ಹೊತ್ತು ಸಾಲಲಿಲ್ಲ, ಆದರೂ ಮೆತ್ತಗೆ ಬಂತು. ಅವ್ವ ಮತ್ತು ತೇಜಸ್ ಅಡುಗೆಮನೆಯಲ್ಲಿ ತಿಂದರು. ನಾನು ತಟ್ಟೆ ಹಿಡಿದುಕೊಂಡು ಅವಳ ರೂಮಿಗೆ ಹೋದೆ. ಇಬ್ಬರೇ ಇದ್ದೆವು. ಇದೇ ಸಮಯ ಅಂದುಕೊಂಡೆ.

ನಾನು ಬಾಯಿ ತೆರೆಯುವ ಮೊದಲು ಅವಳೇ ಶುರುಮಾಡಿದಳು.

"ಅಕ್ಕಾ, ಒಂದು ಕೇಳ್ಲ್ಯಾ? ನಗಬ್ಯಾಡ. ಕುಬಸದ ಉಡ್ಯಾಗಿನ ಹಣ್ಣು ಮರುದಿನ ಕಾಣಲಿಲ್ಲ. ಕಾಯಿ ಐತಿ, ಅಕ್ಕಿ ಐತಿ, ಹಣ್ಣ ಇಲ್ಲ. ಅತ್ತಿ ದಿನಾ ಫೋನಿನ್ಯಾಗ 'ಐದೂ ಹಣ್ಣು ತಿಂದಿಯಿಲ್ಲ' ಅಂತ ಕೇಳ್ತಾರ. ತಿಂದೀನಿ ಅಂತ ಸುಳ್ಳ ಹೇಳೀನಿ. ಆಮ್ಯಾಲ ಈ ಬಿಪಿ ಶುರುವಾತು. ನಾ ನಂಬಂಗಿಲ್ಲ ಅಕ್ಕಾ, ಖರೇನ ನಂಬಂಗಿಲ್ಲ. ಆದ್ರ ನಿದ್ದಿ ಬರವಲ್ದು. ಯಾರು ಒಯ್ದಿರಬೇಕು? ಆ ಪಂಜಾಬಿ ಆಂಟಿ ಮ್ಯಾಲೂ ಅನುಮಾನ ಬಂತು ನನಗ. ನಿನಗೇನರೆ ಗೊತ್ತೇನು?"

ಅವಳ ಕಣ್ಣ ಸುತ್ತ ಕಪ್ಪಾಗಿತ್ತು. ತಟ್ಟೆಯಲ್ಲಿದ್ದದ್ದನ್ನು ಅರ್ಧ ತಿಂದು ಬಿಟ್ಟಿದ್ದಳು.

"ಗೊತ್ತೈತಿ," ಅಂದೆ. "ಅವ್ವ ತಂದಿದ್ಲು. ಸಿಡ್ನಿ ಗುಡಿಯೊಳಗ ನಿನ್ನ ಹೆಸರಿನ್ಯಾಗ ಪೂಜಾ ಮಾಡಿಸಿ ದೇವರ ಮುಂದ ಇಡಬೇಕಂತ ಹರಕಿ ಹೊತ್ತಿದ್ಲಂತ. ನಾನ ಕರಕೊಂಡು ಹೋಗಿದ್ದೆ. ನಾನ ನನ್ನ ಕೈಯಾರೆ ಇಟ್ಟು ಬಂದೀನಿ. ಹರಕಿ ಹಣ್ಣು, ಹೇಳಬಾರದು ಅಂತ ಹೇಳಿಲ್ಲ ಆಕಿ. ನೀ ಏನೇನೋ ತಲ್ಯಾಗ ತುಂಬ್ಕೊಂಡು ಬಿಪಿ ಏರಿಸ್ಕೊಂಡು ಕುಂತಿ."

"ಖರೇನ?"

"ಖರೇನ."

ಅವಳು ದಿಂಬಿಗೆ ಒರಗಿ ದೊಡ್ಡದೊಂದು ಉಸಿರು ಬಿಟ್ಟಳು. ತಟ್ಟೆ ಎಳೆದುಕೊಂಡು ಉಳಿದದ್ದನ್ನೂ ತಿಂದಳು, ಇನ್ನೊಂದು ತುಂಡು ಬೇಕು ಅಂದಳು. "ನೀ ಹೇಳಿದಿ ಅಂದ್ರ ಆತು ಬಿಡು," ಅಂದಳು. "ಎಲ್ಲಾರೂ ನನ್ನ ಮುಂದ ಏನರೆ ಮುಚ್ಚಿಡ್ತಾರ. ಸುಳ್ಳ ಹೇಳದಾಕಿ ನೀ ಒಬ್ಬಾಕಿನ."

ಹೂಂ ಅಂದೆ. ಕಾಲ ಕೆಳಗೆ ಎರಡು ದಿಂಬು ಕೊಟ್ಟೆ. ತುಂಡು ತರಲು ಹೊರಬಂದರೆ ಬಾಗಿಲ ಹತ್ತಿರ ಅವ್ವ ನಿಂತಿದ್ದಳು, ಸೆರಗು ಬಾಯಿಗೆ ಒತ್ತಿಕೊಂಡು. ನನ್ನ ಕೈಯಿಂದ ತಟ್ಟೆ ತೆಗೆದುಕೊಂಡು ತಾನೇ ಬಡಿಸಿಕೊಂಡು ಹೋದಳು. ಮಧ್ಯಾಹ್ನ ಸಂಧ್ಯಾ ಮೂರು ತಾಸು ನಿದ್ದೆ ಮಾಡಿದಳು. ಡೆಲಿವರಿಗೆ ಮುಂಚೆ ಹದಿನೈದು ದಿನ ರಜೆ ಹಾಕಿ ಬರಬೇಕು. ಅವ್ವ ಒಬ್ಬಳ ಕೈಲಿ ಆಗುವ ಕೆಲಸವಲ್ಲ.

ಹಾಂ, ಇವರಿಗೆ ಫೋನ್ ಮಾಡಿ, ಆ ಹಣ್ಣಿನ ವಿಷಯ ತೇಜಸ್‌ನ ಮುಂದೆ ಅಪ್ಪಿತಪ್ಪಿಯೂ ಎತ್ತಬೇಡಿ ಅಂತ ಹೇಳಬೇಕು. ಅನುಸೂಯ ಆಂಟಿಗೂ ಒಂದು ಮಾತು ಹೇಳಿಡಬೇಕು.